ಎತ್ತಿದ ಕೈ

ಮೇಲಿನ ಶೆಲ್ಫಿನಿಂದ ಖಾಲಿ ಟ್ರೇ ತೆಗೆಯಲು ಅವನು ಕೈ ಎತ್ತಿದ್ದ, ಅಷ್ಟೇ. ಅವಳು ಎರಡೂ ತೋಳುಗಳಿಂದ ತಲೆ ಮುಚ್ಚಿಕೊಂಡು ಗೋಡೆಗೆ ಅಂಟಿಕೊಂಡಳು!

ಬೇಕರಿಯಲ್ಲಿ ಹಿಟ್ಟು ನಾದುವವಳು ಅವಳು. ವಾರಕ್ಕೆರಡು ಸಲ ಮೈದಾ ಮೂಟೆ ತರುವ ಲಾರಿ ಡ್ರೈವರ್ ಅವನು.

ಟ್ರೇ ಮುಟ್ಟದೆ ಅವನು ಹಿಂದೆ ಸರಿದ.

"ನಮ್ಮಮ್ಮನೂ ಹೀಗೇ ಮುಚ್ಕೋತಾಳೆ," ಎಂದ ಮೆಲ್ಲಗೆ. "ಯಾರು ಹೊಡೀತಿದ್ರು?"

"ಅಪ್ಪ... ತೀರ್ಕೊಂಡು ಆರು ವರ್ಷ ಆಯ್ತು. ಮೈಗೆ ಇನ್ನೂ ಗೊತ್ತಾಗಿಲ್ಲ."

ಅಂದು ಶುರುವಾದ ಸಲಿಗೆ ವರ್ಷ ತುಂಬುವಷ್ಟರಲ್ಲಿ ಮದುವೆಯ ಮಾತಿಗೆ ಬಂತು.

ಬಾಡಿಗೆ ಮನೆ ನೋಡಲು ಹೋದ ದಿನ ಅವನು, "ಮದುವೆ ಆದ್ಮೇಲೆ ಕೆಲಸ ಬಿಟ್ಬಿಡು," ಎಂದ. ಇವಳು ಬಿಡಲ್ಲ ಎಂದಳು. ಮಾತಿಗೆ ಮಾತು ಬೆಳೆಯಿತು. ಅವನ ಕೈ ಮೇಲೆದ್ದಿತು... ಗಾಳಿಯಲ್ಲೇ ನಿಂತಿತು.

ತನ್ನ ಕೈಯನ್ನೇ ಹಾವು ಕಂಡಂತೆ ನೋಡಿ, ತುಟಿ ಬಿಚ್ಚದೆ ಹೊರಟುಹೋದ. ಮರುವಾರ ಲಾರಿಯಲ್ಲಿ ಬೇರೆ ಡ್ರೈವರ್ ಬಂದ.

'ನನಗಿಂತ ಬಗ್ಗುವವಳು ಯಾರೋ ಸಿಕ್ಕಿರಬೇಕು...' ಎಂದುಕೊಂಡು ಅವಳು ಹಿಟ್ಟನ್ನು ಗುದ್ದಿ ಗುದ್ದಿ ನಾದಿದಳು.

"ಹೊಡೆದಿಲ್ವಲ್ಲೇ?" ಮನೆಯಲ್ಲಿ ಅವಳ ಅಮ್ಮ ಕೇಳಿದಳು. "ನಿಮ್ಮಪ್ಪನ ಮುಂದೆ ಅವನು ದೇವರು. ನೀನೇ ಫೋನ್ ಮಾಡು. ಹೆಣ್ಣು ಸ್ವಲ್ಪ ತಗ್ಗಬೇಕು."

"ನೀನು ತಗ್ಗಿ ತಗ್ಗಿ ಏನಾಯ್ತಮ್ಮ? ನಾನು ಮಂಚದ ಕೆಳಗೆ ಅಡಗಿ ಬೆಳೆದೆ. ನನ್ನ ಮಕ್ಕಳು ಹಾಗೆ ಬೆಳೆಯೋದು ಬೇಡ!"

ಅಮ್ಮ ಮಗಳ ಕೈ ಹಿಡಿದುಕೊಂಡು, "ಫೋನ್ ಮಾಡ್ಬೇಡ," ಎಂದಳು.

ಎಂಟು ತಿಂಗಳ ಮೇಲೆ ಒಂದು ಬೆಳಿಗ್ಗೆ ಅವನು ಬೇಕರಿಯ ಹೊಸ್ತಿಲಲ್ಲಿ ನಿಂತಿದ್ದ. ಸೊರಗಿದ್ದ.

"ಏನಿದ್ರೂ ಅಲ್ಲೇ ನಿಂತು ಹೇಳು," ಎಂದಳು.

"ಹೊಡೆಯೋದ್ರಲ್ಲಿ ನಮ್ಮಪ್ಪ ಎತ್ತಿದ ಕೈ. ಅವತ್ತು ನನ್ನ ತೋಳಲ್ಲಿ ಅವರದೇ ಕೈ ಕಂಡೆ... ಹೆದರಿ ಓಡಿಹೋದೆ. ಹೇಳದೆ ಹೋಗಿದ್ದು ಎರಡನೇ ತಪ್ಪು. ಈಗ ಪ್ರತಿ ವಾರ ಕೌನ್ಸೆಲಿಂಗ್‌ಗೆ ಹೋಗ್ತಿದ್ದೀನಿ. ಅಮ್ಮನೂ ಅಪ್ಪನ್ನ ಬಿಟ್ಟು ನನ್ನ ಜೊತೆ ಬಂದ್ಬಿಟ್ಟಿದ್ದಾಳೆ. ಮದುವೆ ಕೇಳೋಕೆ ಬಂದಿಲ್ಲ. ನಿನಗೆ ಸತ್ಯ ಗೊತ್ತಿರ್ಲಿ ಅಂತ ಬಂದೆ."

ಅವಳು ಕೇಳಬೇಕಾದ್ದನ್ನು ಕೇಳಿದಳು.

"ನನ್ನ ಕೆಲಸ?"

"ನಿನ್ನದು. ಬಿಡು ಅನ್ನೋಕೆ ನಾನ್ಯಾರು?"

"ಮತ್ತೆ ಕೈ ಎದ್ರೆ?"

"ಅವತ್ತೇ ಹೊರಟುಬಿಡು. ನಿನ್ನ ಸೂಟ್‌ಕೇಸ್ ತಾನೇ ಹೊರ್ತೀನಿ ಅಂತ ನಮ್ಮಮ್ಮ ನನಗೆ ಮೊದಲೇ ಹೇಳಿಟ್ಟಿದ್ದಾಳೆ."

ಎಷ್ಟೋ ದಿನಗಳ ಮೇಲೆ ಅವಳಿಗೆ ನಗು ಬಂತು. ಅದರ ಬೆನ್ನಿಗೇ ಅಳು.

"ಮದುವೆ ಮಾತು ಈಗ ಬೇಡ. ಒಂದು ವರ್ಷ ನೋಡ್ತೀನಿ."

"ಎರಡು ನೋಡು."

"ಇನ್ನೂ ಪ್ರೀತಿಸ್ತೀಯಾ?"

"ತುಂಬಾ..."

"ನಾನೂ. ಆದ್ರೆ ಭಯ ಇಟ್ಕೊಂಡು ಪ್ರೀತಿಸಲ್ಲ." ಅವಳು ಕಣ್ಣೊರೆಸಿಕೊಂಡಳು. "ಸಂಜೆ ಮನೆಗೆ ಬಾ. ಇದನ್ನೆಲ್ಲ ಅಮ್ಮನ ಎದುರಿಗೆ ಹೇಳು."

ಅವನ ಮುಖ ಬಿಳಚಿಕೊಂಡಿತು. "ಬೈದ್ರೆ?"

"ಬೈಲಿ. ಜೀವಮಾನದಲ್ಲಿ ಅವಳು ಒಬ್ಬ ಗಂಡಸಿಗೂ ಬೈದಿಲ್ಲ."

"ನೀನು ಪಕ್ಕದಲ್ಲೇ ಇರ್ತೀಯಾ?"

"ಇರ್ತೀನಿ... ಅಮ್ಮನ ಪಕ್ಕದಲ್ಲಿ."