ಏಳರಲ್ಲೊಂದು ಮೌತ್ ಆರ್ಗನ್

ಆಲ್ಬಮ್ ಒಂದು, ಕಲಾವಿದರು ಇಬ್ಬರು. ಹೊದಿಕೆಯ ಮೇಲೆ ಯಾರ ಹೆಸರು ಮೊದಲು ಎಂಬ ಚಿಂತೆ ಲವೆಲ್ ಪ್ರುಯಿಟ್‌ನನ್ನು ವಾರದಿಂದ ಕೊರೆಯುತ್ತಿತ್ತು. ಅವನ ಸೋಲ್ ಶೈಲಿಯ ಹಾಡು ರೇಡಿಯೋದಲ್ಲಿ ಬಂದರೆ ಮೆಂಫಿಸ್ಸಿನ ಹುಡುಗಿಯರು ಒಲೆಯ ಮೇಲಿನ ಅಡುಗೆ ಮರೆಯುತ್ತಿದ್ದರು. ಆದರೇನು, ಬ್ಲೂಸ್ ಊದುವ ಮುದುಕ ಎಜೆಲ್ ಗೇದರ್ ಮೌತ್ ಆರ್ಗನ್ ತುಟಿಗಿಟ್ಟರೆ ಸಾಕು, ಸ್ಟುಡಿಯೋದ ಒಡತಿ ಅರ್ನೆಸ್ಟೀನ್ ಕಣ್ಣೊರೆಸಿಕೊಳ್ಳುತ್ತಿದ್ದಳು. ಲವೆಲ್ ಗಂಟಲು ಹರಿದುಕೊಂಡು ಹಾಡುವಾಗ ಅದೇ ಅರ್ನೆಸ್ಟೀನ್ ಉಗುರು ನೋಡಿಕೊಳ್ಳುತ್ತಿದ್ದಳು. ಅವಳೂ, ಡ್ರಮ್ಮಿನವನೂ, ಗಿಟಾರಿನವನೂ ಮುದುಕನ ಹಾಗೆ ಮಿಸಿಸಿಪ್ಪಿಯಿಂದ ಬಂದ ಬ್ಲೂಸ್ ಮಂದಿ. ಚರ್ಚಿನ ಮೇಳದಲ್ಲಿ ಬೆಳೆದವನು ಲವೆಲ್ ಒಬ್ಬನೇ. ಅವನಿಗೆ ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ.

ಇನ್ನು ಕೊನೆಯ ಹಾಡೊಂದೇ ಬಾಕಿ. ಅದು ಇ ಶ್ರುತಿಯದು. ಮುದುಕನ ಸಿಗಾರ್ ಡಬ್ಬಿಯಲ್ಲಿ ಏಳು ಮೌತ್ ಆರ್ಗನ್‌ಗಳಿದ್ದವು, ಒಂದೊಂದಕ್ಕೂ ಒಂದೊಂದು ಶ್ರುತಿ, ಎ, ಬಿ, ಸಿ ಎಂದು ಶ್ರುತಿಯ ಇಂಗ್ಲಿಷ್ ಅಕ್ಷರ ಮೈಮೇಲೇ ಕೆತ್ತಿತ್ತು. ಏಳನ್ನೂ ಎತ್ತಿದರೆ ಕಳವು ಎಂದು ಗುಲ್ಲಾಗುತ್ತದೆ. ಒಂದನ್ನೇ ಎತ್ತಿದರೆ ಮುದುಕನ ಮರೆವು ಎನ್ನುತ್ತಾರೆ. ಲವೆಲ್ ತನ್ನ ಬುದ್ಧಿಗೆ ತಾನೇ ತಲೆದೂಗಿದ. ಭಾನುವಾರವಾದ್ದರಿಂದ ಹೊಸದು ಕೊಳ್ಳಲು ಅಂಗಡಿಯಿಲ್ಲ. ಗಿಟಾರಿನವನು ಐದರ ಬಸ್ಸಿಗೆ ಹೊರಡಬೇಕು, ಆದ್ದರಿಂದ ನಾಳೆ ನೋಡೋಣ ಎನ್ನುವ ಹಾಗೂ ಇಲ್ಲ.

ಮಧ್ಯಾಹ್ನ ಎಲ್ಲರೂ ಹಿತ್ತಲ ಮೆಟ್ಟಿಲ ಮೇಲೆ ಕೂತು ಕರಿದ ಮೀನು, ಜೋಳದ ರೊಟ್ಟಿ ಮೆಲ್ಲುತ್ತಿದ್ದಾಗ ಅವನು ಕೈ ತೊಳೆಯುವ ನೆಪದಲ್ಲಿ ಒಳಗೆ ಹೋದ. ಡಬ್ಬಿ ಪಿಯಾನೋ ಮೇಲಿತ್ತು. ಇ ಅಕ್ಷರದ್ದನ್ನು ಎತ್ತಿ, ಪಾಯಿಖಾನೆಯ ನೀರಿನ ತೊಟ್ಟಿಯೊಳಗೆ ಮುಳುಗಿಸಿ, ನಿಜಕ್ಕೂ ಕೈ ತೊಳೆದುಕೊಂಡು ಬಂದ.

ಬಂದವನು ದೊಡ್ಡ ಮನಸ್ಸು ತೋರಿಸಿದ.

"ಮಿಸ್ ಅರ್ನೆಸ್ಟೀನ್, ಹೆಸರಿನ ಜಗಳ ಯಾಕೆ? ಈ ಹಾಡಿನ ನಡುವಿನ ಭಾಗ ಯಾರು ಎತ್ತಿ ಹಿಡೀತಾರೋ ಅವ್ರ ಹೆಸರೇ ಮೇಲೆ. ಪಾಪಾ ಎಜೆಲ್ ಹಿರಿಯರು, ಮೊದಲ ಸರದಿ ಅವ್ರದೇ. ಅವ್ರಿಂದ ಆಗ್ಲಿಲ್ಲ ಅಂದ್ರೆ ನಾನಿದೀನಿ."

"ಬರ್ಕೊಳ್ಲಾ? ಆಮೇಲೆ ಮಾತು ತಿರುಗಿಸೋ ಹಾಗಿಲ್ಲ, ನೋಡು."

"ಬರ್ಕೊಳ್ಳಿ, ಧಾರಾಳವಾಗಿ."

ಟೇಪಿನ ಡಬ್ಬದ ಮೇಲೆ ಅವಳು ಬರೆದೇಬಿಟ್ಟಳು. ಲವೆಲ್ ಎಲ್ಲರಿಗಿಂತ ದೊಡ್ಡದಾಗಿ ರುಜು ಹಾಕಿದ.

ಎಜೆಲ್ ಸಿಗಾರ್ ಡಬ್ಬಿ ತೆರೆದು ಬೆರಳಾಡಿಸಿದ. "ಬೆಳಿಗ್ಗೆ ಏಳಿದ್ವು. ಇ ಎಲ್ಲೋಯ್ತು?"

"ಅಯ್ಯೋ ಪಾಪಾ, ಮನೇಲೇ ಬಿಟ್ಟು ಬಂದ್ರೇನೋ! ವಯಸ್ಸಾಯ್ತಲ್ಲ," ಎಂದ ಲವೆಲ್. ಮರುಕ ಅವನ ದನಿಯಲ್ಲಿ ತುಂಬ ಚೆನ್ನಾಗಿ ಬಂತು.

"ಇರ್ಲಿ ಬಿಡು ಮಗಾ," ಎಂದ ಮುದುಕ ಬೇರೊಂದನ್ನು ತೆಗೆದು ತುಟಿಗಿಟ್ಟ. ನಡುವಿನ ಭಾಗ ಬಂತು. ಗಿಟಾರಿನವನು ಕಣ್ಣು ಮುಚ್ಚಿದ, ಅರ್ನೆಸ್ಟೀನ್ ಕರವಸ್ತ್ರ ಹುಡುಕಿದಳು. ಒಂದು ಸ್ವರವೂ ತಪ್ಪಲಿಲ್ಲ. ಲವೆಲ್‌ನ ಕಣ್ಣು ಟೇಪಿನ ಡಬ್ಬದ ಮೇಲಿನ ದೊಡ್ಡ ರುಜುವಿಗೆ ಹೋಯಿತು.

ಎಜೆಲ್ ತುಟಿ ಒರೆಸಿಕೊಂಡ. "ಕದ್ದೋನು ನಮ್ಮೋನಲ್ಲ ಕಣ್ರೋ. ಇ ಶ್ರುತಿ ಹಾಡಿಗೆ ಬ್ಲೂಸ್‌ನೋರು ಯಾರಾದ್ರೂ ಇ ಊದ್ತಾರಾ? ಎ ತಗೊಂಡು ಉಸಿರು ಒಳಕ್ಕೆಳೀತೀವಿ, ಆಗ್ಲೇ ಅದು ಅಳೋದು. ನಮ್ಮೋನಾಗಿದ್ರೆ ಎ ಅಕ್ಷರದ್ದನ್ನ ಎತ್ತಿರ್ತಿದ್ದ." ಡ್ರಮ್ಮಿನವನು ಕೋಲು ಕೆಳಗಿಟ್ಟ. ಅರ್ನೆಸ್ಟೀನ್ ಕರವಸ್ತ್ರ ಮಡಿಸಿದಳು. ಆಮೇಲೆ ಎಲ್ಲರೂ ನಿಧಾನವಾಗಿ, ಆ ಕೋಣೆಯಲ್ಲಿ ಚರ್ಚಿನ ಮೇಳದಿಂದ ಬಂದಿದ್ದ ಒಬ್ಬನೇ ಒಬ್ಬನ ಕಡೆ ತಿರುಗಿದರು.