ಚಿಪ್ಪಿ ಕಿತ್ತು ಕಟ್ಟಿದ ಅರಮನೆ

ಬಹಳ ಹಿಂದಿನ ಮಾತು. ಹೊಳೆಯೊಂದು ಕಡಲನ್ನು ಕೂಡುವಲ್ಲಿ ಅಳಿವೆಪುರವೆಂಬ ರಾಜ್ಯವಿತ್ತು. ಅಲ್ಲಿ ನೀರಿನ ತಳದಲ್ಲಿ ಕಲ್ಲುಚಿಪ್ಪಿಗಳು ಒಂದರ ಬೆನ್ನಿಗೊಂದು ಅಂಟಿಕೊಂಡು ಉದ್ದನೆಯ ದಿಬ್ಬವಾಗಿ ಬೆಳೆದಿದ್ದವು. ಅವುಗಳ ಸಂದಿಯಲ್ಲಿ ಮೀನು ಮೊಟ್ಟೆಯಿಡುತ್ತಿತ್ತು, ಏಡಿ ಅಡಗುತ್ತಿತ್ತು.

ರಾಜ ಧವಳಸೇನನಿಗೆ ಒಂದೇ ಹುಚ್ಚು. ಚಂದ್ರನಿಗಿಂತ ಬೆಳ್ಳಗಿನ ಅರಮನೆ ಬೇಕು! ಬೂದಿಕಂಠನೆಂಬ ಮಾಂತ್ರಿಕ ಬಂದು ದಂಡೆಯಲ್ಲಿ ನಿಂತು ಎಲುಬಿನ ಕೊಳಲೂದಿದ. ಚಿಪ್ಪಿಗಳೆಲ್ಲ ತಳ ಬಿಟ್ಟೆದ್ದು, ಸಾಲುಸಾಲಾಗಿ ದಡ ಹತ್ತಿ, ಒಂದರ ಮೇಲೊಂದು ಕೂತು ಅರಮನೆಯಾದವು. ರಾಜ ಚಪ್ಪಾಳೆ ತಟ್ಟಿದ.

ಮಳೆಗಾಲದ ಹೊತ್ತಿಗೆ, ಸೋಸುವ ಚಿಪ್ಪಿಯಿಲ್ಲದೆ ನೀರು ಬಗ್ಗಡವಾಯಿತು. ಮೀನು ಹೋಯಿತು, ಮೀನಿನ ಹಿಂದೆಯೇ ಕೊಕ್ಕರೆಯೂ ಹೋಯಿತು. ತಡೆಯುವ ದಿಬ್ಬವಿಲ್ಲದೆ ಅಲೆಗಳು ಗದ್ದೆಗೆ ನುಗ್ಗಿದವು, ಬಾವಿಗಳು ಉಪ್ಪಾದವು. ಮೀನು ಹಿಡಿದು ಬದುಕುವ ಸೋಮಿಯ ಕೂಸು ಆ ನೀರು ಕುಡಿದು ಕಾಯಿಲೆ ಬಿದ್ದು ಮಲಗಿಬಿಟ್ಟಿತು. ಸೋಮಿ ಕೂಸನ್ನು ಅತ್ತೆಯ ಕೈಗಿಟ್ಟು ನೇರ ಅರಮನೆಗೆ ನಡೆದಳು.

"ಒಡೆಯಾ, ಹೊಳೆಯ ಚಿಪ್ಪಿ ಹೊಳೆಗೆ ಕೊಡಿ!"

"ಚಿಪ್ಪಿಗೆ ಇಷ್ಟು ರಂಪವೇ?" ಎಂದ ರಾಜ.

ಬೂದಿಕಂಠ ನಕ್ಕ. "ಅವು ಮಾಡುತ್ತಿದ್ದ ಕೆಲಸ ನೀನೇ ಮಾಡು, ಆಮೇಲೆ ಕೇಳು. ಮೊದಲು ನೀರು ತಿಳಿಮಾಡು."

ಸೋಮಿ ಸೆರಗೊಡ್ಡಿ ನೀರು ಸೋಸಿದಳು. ಒಂದು ಕೊಡ ತಿಳಿಯಾಯಿತು, ಹೊಳೆ ಬಗ್ಗಡವಾಗಿಯೇ ಹರಿಯಿತು.

"ನೀನು ಸೋತೆ! ಈಗ ಮೀನಿಗೆ ಮನೆ ಕಟ್ಟು," ಎಂದ ಬೂದಿಕಂಠ.

ಊರವರೆಲ್ಲ ಮಡಕೆ, ಬುಟ್ಟಿ ತಂದು ಮುಳುಗಿಸಿದರು. ನೀರು ಇಳಿಯುವಾಗ ಎಲ್ಲವೂ ಕೊಚ್ಚಿಕೊಂಡು ಕಡಲು ಸೇರಿದವು.

"ಮತ್ತೆ ಸೋತೆ! ಈಗ ಅಲೆ ತಡೆ."

ಸೋಮಿಯ ಜೊತೆ ಇಡೀ ಊರು ಕೈಕೈ ಹಿಡಿದು ನೀರಿಗಿಳಿಯಿತು. ಅಲೆ ಅವರನ್ನು ಕಸಕಡ್ಡಿಯಂತೆ ಎತ್ತಿ ಅರಮನೆಯ ಬಾಗಿಲಿಗೆಸೆಯಿತು. ರಾಜನೂ ಮಾಂತ್ರಿಕನೂ ನಕ್ಕರು.

ಸೋಮಿ ಬಾಯೊಳಗಿನ ಮರಳು ಉಗುಳಿ ಎದ್ದು ನಿಂತಳು.

"ನಗುತ್ತೀರಾ? ನಾಚಿಕೆಯಾಗಬೇಕು ನಿಮಗೆ! ಇಡೀ ಊರು ಸೇರಿ ಒಂದನ್ನೂ ಮಾಡಲಾಗಲಿಲ್ಲ. ಆ ಮೂಕ ಜೀವಗಳು ಮೂರನ್ನೂ ದಿನಾ ಮಾಡುತ್ತಿದ್ದವು, ಯಾರೂ ಹೇಳದೆ! ಮೀನಿನ ಮನೆ ಕಿತ್ತಿರಿ, ನಮ್ಮ ಅನ್ನ ಕಿತ್ತಿರಿ, ಯಾಕೆ? ನಿಮ್ಮ ಗೋಡೆ ಬೆಳ್ಳಗಿರಲಿ ಅಂತ! ಇವನು ಅಷ್ಟು ದೊಡ್ಡ ಮಾಂತ್ರಿಕನಾದರೆ ಒಂದೇ ಒಂದು ಅಲೆ ತಡೆಯಲಿ!"

ರಾಜನ ನಗು ನಿಂತಿತು. ಅವನು ಬೂದಿಕಂಠನತ್ತ ತಿರುಗಿದ. ಮಾಂತ್ರಿಕ ಕೊಳಲೂದಿದ. ಅಲೆ ನಿಲ್ಲಲಿಲ್ಲ. ಅವನು ಕಲಿತದ್ದು ಕೀಳುವ ಮಂತ್ರವೊಂದೇ. ನೀರು ಒಡ್ಡೋಲಗಕ್ಕೆ ನುಗ್ಗಿ ರಾಜನ ಮೊಣಕಾಲು ಮುಟ್ಟಿತು.

ಸೋಮಿ ಮುನ್ನುಗ್ಗಿ ಕೊಳಲು ಕಿತ್ತುಕೊಂಡು ತೊಡೆಗೆ ಬಡಿದು ಮುರಿದಳು. ಬೂದಿಕಂಠ ಉಪ್ಪಿನ ಗೊಂಬೆಯಂತೆ ನೀರಲ್ಲಿ ಕರಗಿಹೋದ. ಗೋಡೆಗಳು ಬಿಚ್ಚಿಕೊಂಡವು. ಚಿಪ್ಪಿಗಳು ಧೋ ಎಂದು ಹೊಳೆಗೆ ಸುರಿದು, ತಳ ಸೇರಿ, ಮತ್ತೆ ಒಂದಕ್ಕೊಂದು ಅಂಟಿಕೊಂಡವು. ಅಲೆ ಅಲ್ಲಿಗೇ ಮುರಿದು ಬಿತ್ತು.

ಬಯಲಲ್ಲಿ ತೊಯ್ದು ನಿಂತ ರಾಜ ಕೈಮುಗಿದ. "ತಪ್ಪಾಯಿತು, ತಾಯೀ."

"ನನಗಲ್ಲ, ಹೊಳೆಗೆ ಹೇಳಿ," ಎಂದಳು ಸೋಮಿ.

ರಾಜ ನೀರಿಗೆ ಬಾಗಿದ. ಹೊಳೆ ತಿಳಿಯಾಯಿತು, ಮೀನು ಬಂತು, ಬಾವಿ ಸಿಹಿಯಾಯಿತು, ಕೂಸು ಎದ್ದು ಆಡಿತು. ಧವಳಸೇನ ಹುಲ್ಲುಮಾಡಿನ ಕೆಳಗೆ ಕೂತು ರಾಜ್ಯವಾಳಿದ. ಹೊಳೆಯ ಜೀವಗಳೂ ಊರವರೂ ತಣ್ಣಗೆ ಬಾಳಿದರು.