ಕಾಲು ಕಳಚಿಕೊಂಡು ಹೋದವನು

"ಬಿಚ್ಚಿ ಅದನ್ನ! ಇವತ್ತು ಕೊಡಲ್ಲ!"

ಕೃತಕ ಕಾಲು ತೊಟ್ಟು ಮೊದಲ ಸಲ ನಾಲ್ಕು ಹೆಜ್ಜೆ ನಡೆದಿದ್ದ ಅಜ್ಜ ಬೆಚ್ಚಿ ನಿಂತರು. ಅದನ್ನು ಮಾಡಿಕೊಟ್ಟ ತಂತ್ರಜ್ಞನೇ ಬಂದು, ಎಲ್ಲರೆದುರು ಕಳಚಿಕೊಂಡು ಹೋದ. ಅಜ್ಜನ ಕಣ್ಣು ತುಂಬಿ ಬಂತು.

ಅಂದೇ ಆ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಆಗಿ ಸೇರಿದ್ದ ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ಮನುಷ್ಯತ್ವ ಇಲ್ವಾ ನಿಮ್ಗೆ?"

ಅವನು ತಿರುಗಿಯೂ ನೋಡಲಿಲ್ಲ.

ಮುಗಿಯಿತು! ಅಹಂಕಾರಿ ಎಂದು ಅವಳ ಮನಸ್ಸು ತೀರ್ಪು ಕೊಟ್ಟಾಯಿತು. ಆಮೇಲೆ ಅವನು ಸುಮ್ಮನಿದ್ದರೆ ಸೊಕ್ಕು, ನಕ್ಕರೆ ಅಣಕ, ಪಕ್ಕಕ್ಕೆ ಸರಿದು ದಾರಿ ಬಿಟ್ಟರೆ ನಾಟಕ. ಮನಸ್ಸು ಹಟ ಹಿಡಿದರೆ ಕಣ್ಣೂ ಅದರ ಮಾತನ್ನೇ ಕೇಳುತ್ತದೆ ನೋಡಿ. ತನ್ನ ರೋಗಿಗಳನ್ನೆಲ್ಲ ಅವಳು ಇನ್ನೊಬ್ಬ ತಂತ್ರಜ್ಞನ ಬಳಿಗೇ ಕಳಿಸಿದಳು. ಕೆಲವು ವಾರಗಳ ನಂತರ, ಇವನ ಗುತ್ತಿಗೆ ಮುಂದುವರಿಸಬೇಕೇ ಎಂದು ಹಿರಿಯ ವೈದ್ಯೆ ಅಭಿಪ್ರಾಯ ಕೇಳಿದಾಗ, 'ಬೇಡ' ಎಂದು ಬರೆದು ಸಹಿ ಹಾಕಿದಳು.

ಮರುದಿನವೇ ಆ ಇನ್ನೊಬ್ಬ ರಜೆ ಹಾಕಿದ. ವಿಧಿಯಿಲ್ಲದೆ ರೋಗಿಯನ್ನು ಕರೆದುಕೊಂಡು ಅವಳು ಇವನ ವರ್ಕ್‌ಶಾಪಿಗೇ ಹೋದಳು.

ಇವನು ರೋಗಿಯನ್ನು ನಾಲ್ಕು ಹೆಜ್ಜೆ ನಡೆಸಿದ. ನೆಲದ ಮೇಲೆ ಕೂತು ಕಾಲು ಕಳಚಿದ. ಒಳಗಿನ ಕಾಲುಚೀಲ ತಿರುವಿ ಹಾಕಿ, ಕಿಟಕಿಯ ಬೆಳಕಿಗೆ ಹಿಡಿದು ನೋಡತೊಡಗಿದ.

"ಏನದು?"

"ರಕ್ತ ಇದೆಯಾ ಅಂತ. ನೋಯ್ತಾ ಅಂದ್ರೆ ಯಾರೂ ಹೌದು ಅನ್ನಲ್ಲ. ನಡೆಯೋ ಆಸೆ ಅಷ್ಟಿರುತ್ತೆ."

"ಹಾಗಾದ್ರೆ... ಆ ಅಜ್ಜ?"

"ಹಲ್ಲು ಕಚ್ಕೊಂಡು ನಗ್ತಿದ್ರು. ಸಕ್ಕರೆ ಕಾಯಿಲೆ ಬೇರೆ. ಗಾಯ ಬಲಿತಿದ್ರೆ ಮೊಣಕಾಲನ್ನೂ ತೆಗೀಬೇಕಾಗ್ತಿತ್ತು. ಸರಿಮಾಡಿ, ಆಮೇಲೆ ಅವರ ಮನೆಗೇ ಹೋಗಿ ಕೊಟ್ಟು ಬಂದೆ."

"ಆವತ್ತೇ ಹೇಳ್ಬಹುದಿತ್ತಲ್ಲ!"

"ನೋವು ಮುಚ್ಚಿಟ್ಟು ಸಿಕ್ಕಿಬಿದ್ದೆ ಅಂತ ಅಷ್ಟು ಜನರ ಮುಂದೆ ಅವರಿಗೆ ನಾಚಿಕೆ ಆಗೋದು. ನಾನೇ ಕೆಟ್ಟವನಾಗ್ಲಿ ಅಂತ ಬಿಟ್ಟೆ."

ಅವಳು ಹಿರಿಯ ವೈದ್ಯೆಯ ಕೋಣೆಗೆ ಓಡಿದಳು.

"ಮೇಡಂ, ನಾನು ಬರೆದಿದ್ದು ತಪ್ಪು."

"ಏನಮ್ಮಾ, ಒಂದೇ ದಿನಕ್ಕೆ ಒಳ್ಳೆಯವನಾಗ್ಬಿಟ್ನಾ?"

"ಅವರು ಮೊದಲಿಂದ್ಲೂ ಹೀಗೇ ಇದ್ದಾರೆ. ನಾನು ನೋಡ್ಲೇ ಇಲ್ಲ..."

"ವಿಚಾರಿಸದೆ ಬರೆದೆ ಅಂತ ಬರೆದುಕೊಡು. ನಿನ್ನ ಫೈಲಿಗೂ ಸೇರುತ್ತೆ, ಗೊತ್ತಿರ್ಲಿ."

"ಸೇರ್ಲಿ ಮೇಡಂ."

ಬರೆಯುತ್ತಿದ್ದಂತೆ ಅವಳಿಗೆ ಹೊಳೆಯಿತು. ದ್ವೇಷ ಎಂದುಕೊಂಡೇ ಇಷ್ಟು ದಿನ ಅವನೊಬ್ಬನನ್ನೇ ನೋಡುತ್ತಿದ್ದೆನಲ್ಲ! ಅವನು ಹೊರಟುಹೋದರೆ? ಆ ಯೋಚನೆಗೇ ಪೆನ್ನು ನಿಂತಿತು. ತಾನು ಅವನನ್ನು ಪ್ರೀತಿಸುತ್ತಿದ್ದೇನೆ ಎಂದು ಅವಳಿಗೆ ಆಗ ಗೊತ್ತಾಯಿತು.

ಸಂಜೆ ವರ್ಕ್‌ಶಾಪಿನಲ್ಲಿ ಅವನೆದುರು ನಿಂತು ಎಲ್ಲವನ್ನೂ ಹೇಳಿದಳು, ಪ್ರೀತಿಯನ್ನೂ.

ನೆಲದ ಮೇಲೆ ಕೂತು ಕೆಲಸ ಮಾಡುತ್ತಿದ್ದ ಅವನು ಕೈಯಲ್ಲಿದ್ದ ಕಾಲನ್ನು ಪಕ್ಕಕ್ಕಿಟ್ಟ.

"ನೀವು 'ಬೇಡ' ಅಂದಿದ್ದು ನಿನ್ನೇನೇ ಗೊತ್ತಾಯ್ತು. ಬೇರೆ ಯಾರಾದ್ರೂ ಅಂದಿದ್ರೆ ಇಷ್ಟು ಸಂಕಟ ಆಗ್ತಿರ್ಲಿಲ್ಲ."

"ಈಗ್ಲೂ... ನೋವಿದೆಯಾ?"

ಅವನು ಮೊದಲ ಸಲ ಅವಳನ್ನು ನೇರವಾಗಿ ನೋಡಿದ. "ಇದೆ."

ಅವಳು ಅವನ ಪಕ್ಕದಲ್ಲೇ ನೆಲದ ಮೇಲೆ ಕೂತಳು.

"ವಾಸಿ ಆಗೋವರೆಗೂ ಇಲ್ಲೇ ಇರ್ತೀನಿ."

"ಆಮೇಲೆ?"

"ಆಮೇಲೂ."